ಹನ್ನೊಂದನೇ ಪ್ರಶ್ನೆಗೆ ನೀಲಕ್ಕ ಬರೆದ ಉತ್ತರ

ಸಿಟ್ಟು ಇಳಿದ ಮೇಲೆ ಬರೆಯೋಣ ಎಂದು ಎರಡು ವರ್ಷ ಕಾದೆ. ಇಳಿಯಲಿಲ್ಲ. ಹಾಗಾಗಿ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ನನ್ನ ಹೆಸರು ಹುಸೇನಬಿ. ಸಿರುಗುಪ್ಪದ ಸರ್ಕಾರಿ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದವಳು. ಬಳ್ಳಾರಿಗೆ ಸೊಸೆಯಾಗಿ ಬಂದ ಮೇಲೆ ಜೀನ್ಸ್ ಹೊಲಿಯುವುದನ್ನು ಕಲಿತೆ. ಇಡೀ ಪ್ಯಾಂಟು ನಾನು ಹೊಲಿಯುವುದಿಲ್ಲ, ಬೆಲ್ಟಿನ ಪಟ್ಟಿ ಮತ್ತು ಹಿಂದಿನ ಜೇಬು ಮಾತ್ರ. ಮಾತ್ರೆಯ ಚೀಟಿಯನ್ನು ಅಕ್ಕಿ ಡಬ್ಬಿಯೊಳಗೆ ಬಚ್ಚಿಡುವ ಹೆಂಗಸರು ಈ ಊರಿನಲ್ಲಿ ಎಷ್ಟಿದ್ದಾರೋ ನನಗೆ ಗೊತ್ತಿಲ್ಲ. ನಾನು ಬಚ್ಚಿಟ್ಟಿದ್ದೆ. ಅಂಥವರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಗಣಿ ಜೋರಾಗಿದ್ದ ವರ್ಷಗಳವು. ನನ್ನ ಗಂಡನದು ಬೈಪಾಸಿನಲ್ಲಿ ಪಂಕ್ಚರ್ ಅಂಗಡಿ. ಅದಿರಿನ ಲಾರಿಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಟೈರು ಬಿಚ್ಚಿ ಹಾಕುವುದರಲ್ಲಿ ಅವರಿಗೆ ಊಟಕ್ಕೂ ಪುರುಸೊತ್ತಿರಲಿಲ್ಲ. ಸಂಜೆ ಮನೆಗೆ ಬಂದರೆ ಹುಬ್ಬು, ಕಿವಿ, ಅಂಗಿಯ ಮಡಿಕೆ ಎಲ್ಲವೂ ಕೆಂಪು. ಓಣಿಯಲ್ಲಿ ಕೆಲವರು ಹೊಸ ಕಾರು ತಂದರು, ಕೆಲವರು ಮಹಡಿ ಏರಿಸಿದರು. ನಮ್ಮ ಮನೆಯಲ್ಲಿ ಎರಡನೆಯ ಮಗಳು ಹುಟ್ಟಿದಳು.

ಮಗುವಿಗೆ ನಲವತ್ತು ದಿನ ತುಂಬುವ ಮೊದಲೇ ನನ್ನ ನಿದ್ದೆ ಹೋಯಿತು. ಆಮೇಲೆ ಒಂದು ವಿಚಾರ ತಲೆಯಲ್ಲಿ ಕೂತಿತು: ಆ ಕೆಂಪು ಧೂಳು ನನ್ನ ಹಾಲಿನಲ್ಲಿ ಸೇರಿದೆ. ಮಗುವಿಗೆ ಹಾಲು ಕುಡಿಸಿದರೆ ಮಗು ಸಾಯುತ್ತದೆ. ಹಾಲನ್ನು ಬಿಳಿ ಬಟ್ಟೆಯ ಮೇಲೆ ಹಿಂಡಿ ಬಿಸಿಲಿಗೆ ಹಿಡಿದು ನೋಡುತ್ತಿದ್ದೆ. ಬಟ್ಟೆ ಬೆಳ್ಳಗೇ ಇರುತ್ತಿತ್ತು. ನನ್ನ ಕಣ್ಣಿಗೆ ಮಾತ್ರ ಕೆಂಪು ಕಾಣುತ್ತಿತ್ತು. ಮಗು ಹಸಿದು ಅಳುತ್ತಿದ್ದರೂ ನಾನು ಎದೆ ಕೊಡಲಿಲ್ಲ. ಅತ್ತೆ ಮೊದಲು ಬೈದರು, ಆಮೇಲೆ ಅತ್ತರು, ಆಮೇಲೆ ದರ್ಗಾಕ್ಕೆ ಕರೆದುಕೊಂಡು ಹೋಗಿ ತೋಳಿಗೆ ದಾರ ಕಟ್ಟಿಸಿದರು. ದಾರವನ್ನೂ ತೊಳೆದೆ.

ದೊಡ್ಡಾಸ್ಪತ್ರೆಯಲ್ಲಿ ಮನಸ್ಸಿನ ಡಾಕ್ಟರ ಕೋಣೆ ವರಾಂಡದ ಕೊನೆಯಲ್ಲಿತ್ತು, ಮೂಳೆ ಮುರಿದವರ ವಾರ್ಡು ದಾಟಿದ ಮೇಲೆ. ಲಾರಿ ಅಪಘಾತಗಳಿಂದ ಆ ವಾರ್ಡು ತುಂಬಿ ವರಾಂಡದಲ್ಲೂ ಹಾಸಿಗೆ ಹಾಕಿದ್ದರು. ಅವರನ್ನೆಲ್ಲ ನೋಡಲು ಬಂದವರು ಹಣ್ಣು ತಂದಿದ್ದರು. ನಮ್ಮ ಬೆಂಚಿನ ಹತ್ತಿರ ಹಣ್ಣು ತಂದವರು ಒಬ್ಬರೂ ಇರಲಿಲ್ಲ. ಹೆಂಗಸರು ಸೆರಗು ಎಳೆದುಕೊಂಡು ಗೋಡೆ ನೋಡುತ್ತಿದ್ದರು. ನಾನು ಬುರ್ಖಾದ ಮುಸುಕನ್ನು ಬಿಗಿಯಾಗಿ ಹಿಡಿದು ಕೂತಿದ್ದೆ. ಗಂಡ ಚೀಟಿ ಮಾಡಿಸಲು ಹೋಗಿದ್ದರು.

ಪಕ್ಕದಲ್ಲಿ ಒಬ್ಬ ಹೆಂಗಸು ಬಂದು ಕೂತಳು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಚಹಾದ ಲೋಟ. ಕೈ ನಡುಗಿ ಚಹಾ ಅರ್ಧ ಸೀರೆಗೆ ಬಿದ್ದಿತ್ತು.

"ಎಷ್ಟನೇ ನಂಬರವಾ ನಿಂದು?" ಎಂದಳು.

ನಾನು ಮುಸುಕನ್ನು ಇನ್ನಷ್ಟು ಎಳೆದುಕೊಂಡೆ.

"ಹೊಸಬಳು. ಹೊಸಬರು ಮಾತಾಡಂಗಿಲ್ಲ. ನಾ ಹದಿನಾಲ್ಕು ವರ್ಷದ ಗಿರಾಕಿ ಅದೀನಿ. ಒಳಗಿನ ಡಾಕ್ಟರು ನಾಲ್ಕು ಮಂದಿ ಬದಲಾದ್ರು, ನಾ ಮಾತ್ರ ಬದಲಾಗಿಲ್ಲ."

ನಗು ಬರಬಾರದಾಗಿತ್ತು. ಸ್ವಲ್ಪ ಬಂತು.

"ಕೂಸಿಗೆ ಎಷ್ಟು ತಿಂಗಳು?"

"ಇನ್ನೂ ಎರಡು ತುಂಬಿಲ್ಲ. ನನ್ನ ಹಾಲಿನಾಗ ಮಣ್ಣು ಐತಿ," ಎಂದೆ. ಗಂಡನಿಗೂ ಅದನ್ನು ಇಷ್ಟು ಸಲೀಸಾಗಿ ಹೇಳಿರಲಿಲ್ಲ.

ಅವಳು "ಹುಚ್ಚಿ" ಎನ್ನಲಿಲ್ಲ. "ಇಲ್ಲ" ಎಂದೂ ಅನ್ನಲಿಲ್ಲ. "ನನಗ ನಮ್ಮನಿ ಬಾವಿ ಕರಿತಿತ್ತವಾ, ಹೆಸರು ಹಿಡದು. ಈಗ ಕರಿಯಂಗಿಲ್ಲ. ನಿಂದೂ ಹೋಗತೈತಿ. ಸ್ವಲ್ಪ ದಿನ ಹಿಡಿತೈತಿ, ಅಷ್ಟ," ಎಂದಳು.

ಅವಳೇ ನೀಲಕ್ಕ. ಕುರುಗೋಡಿನವಳು. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಯಲ್ಲಿದ್ದಳು. ತಿಂಗಳಿಗೊಮ್ಮೆ ತನ್ನ ಮಾತ್ರೆಗೆ ಬಂದರೆ ಸಾಕಾಗಿತ್ತು, ಆದರೆ ಅವಳು ಪ್ರತಿ ಮಂಗಳವಾರ ಬೆಳಗಿನ ಬಸ್ಸು ಹತ್ತಿ ಬರುತ್ತಿದ್ದಳು. ಬೆಂಚಿನ ಮೇಲೆ ಹೊಸಬರ ಪಕ್ಕ ಕೂತು ಮಧ್ಯಾಹ್ನದವರೆಗೆ ಇದ್ದು ಹೋಗುತ್ತಿದ್ದಳು. ಯಾರೂ ಕರೆದಿರಲಿಲ್ಲ, ಯಾರೂ ಕಳಿಸಿರಲಿಲ್ಲ.

ನಾನು ಚೇತರಿಸಿಕೊಳ್ಳಲು ಏಳೆಂಟು ತಿಂಗಳು ಹಿಡಿಯಿತು. ಆ ದಿನಗಳಲ್ಲಿ ಡಾಕ್ಟರು ನನ್ನ ಜೊತೆ ಮಾತಾಡಿದ್ದು ಒಟ್ಟು ಒಂದು ಗಂಟೆ ಇರಬಹುದು. ಅವರದು ತಪ್ಪಲ್ಲ, ಹೊರಗೆ ನೂರು ಜನ ಕಾಯುತ್ತಿದ್ದರು. ನೀಲಕ್ಕ ಮಾತಾಡಿದ್ದಕ್ಕೆ ಲೆಕ್ಕವಿಲ್ಲ. ಮಾತ್ರೆಯಿಂದ ಬಾಯಿ ಒಣಗಿದರೆ ಹುಣಸೆಹಣ್ಣಿನ ಚೂರು ಚೀಪು ಎಂದವಳು ಅವಳು. "ನಿದ್ದಿ ಮಾಡೋದು ಸೋಮಾರಿತನ ಅಲ್ರಿ ಬೀಬಿ, ಔಷಧ ಕೆಲಸ ಮಾಡಾಕ ಹತ್ತೈತಿ" ಎಂದು ನಮ್ಮತ್ತೆಗೆ ಮನೆಗೇ ಬಂದು ಹೇಳಿದವಳೂ ಅವಳೇ. ಅತ್ತೆ ಅವಳಿಗೆ ಚಹಾ ಕೊಡುವಾಗ ಲೋಟ ಅರ್ಧವೇ ತುಂಬುತ್ತಿದ್ದರು, ನಡುಗುವ ಕೈಯಿಂದ ಚೆಲ್ಲದಿರಲೆಂದು. ಕುಡಿದಾದ ಮೇಲೆ ಇನ್ನರ್ಧ ಹಾಕುತ್ತಿದ್ದರು. ನನ್ನ ಮಗಳು ಮತ್ತೆ ನನ್ನ ಮಡಿಲಿಗೆ ಬಂದಳು. ಹಾಲು ಬತ್ತಿಹೋಗಿತ್ತು. ಆದರೂ ಬಂದಳು.

ಎರಡು ವರ್ಷದ ನಂತರ ಒಂದು ಸಂಸ್ಥೆಯವರು ಬಂದರು. ಹೆಸರು ಬರೆಯುವುದಿಲ್ಲ. ಕಾಯಿಲೆ ಅನುಭವಿಸಿದವರೇ ಕಾಯಿಲೆಯವರಿಗೆ ಜೊತೆಯಾಗಬೇಕು, ಅದಕ್ಕೆ ತರಬೇತಿ ಕೊಡುತ್ತೇವೆ, ಪ್ರಮಾಣಪತ್ರ ಕೊಡುತ್ತೇವೆ, ಕೊರಳಿಗೆ ಕಾರ್ಡು ಕೊಡುತ್ತೇವೆ ಎಂದರು. ಆರು ತಿಂಗಳಿಗೊಮ್ಮೆ ಎರಡು ದಿನ ಮತ್ತೆ ಕಲಿಯಲು ಬರಬೇಕು. ಬರದಿದ್ದರೆ ಕಾರ್ಡು ರದ್ದು. ನಮಗೆ "ಜೊತೆಗಾರರು" ಎಂದು ಹೆಸರಿಟ್ಟರು. ಕೇಳಿದಾಗ ನಮಗೆಲ್ಲ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ.

ಆಮೇಲೆ ಒಂದು ಮಂಗಳವಾರ ಆಸ್ಪತ್ರೆಯ ಕಾವಲಿನವನು ನೀಲಕ್ಕನನ್ನು ಬೆಂಚಿನಿಂದ ಎಬ್ಬಿಸಿದ.

"ಇವತ್ತು ನಿಮ್ಮ ಮಾತ್ರಿ ಇಲ್ಲಲ್ಲ? ಕಾರ್ಡ್ ಐತೇನು?"

"ಹದಿನಾರು ವರ್ಷದಿಂದ ನೋಡ್ತಿಯಲ್ಲೋ, ಕಾರ್ಡ್ ಕೇಳ್ತಿಯೇನು?"

"ನಾ ಏನ್ ಮಾಡ್ಲಿ ಅಕ್ಕಾರ? ಇನ್ನ ಮ್ಯಾಲೆ ಕಾರ್ಡ್ ಇದ್ದೋರು ಮಾತ್ರ ಕುಂದ್ರಬೇಕಂತ."

ಆ ಬೆಂಚು ಹೋದರೆ ನೀಲಕ್ಕನಿಗೆ ಬೇರೇನೂ ಇರಲಿಲ್ಲ. ಅಣ್ಣನ ಮನೆಯಲ್ಲಿ ಅವಳು ರೊಟ್ಟಿ ಬಡಿಯುವ ಕೈ. ಮಂಗಳವಾರ ಮಾತ್ರ ಅವಳು ನೀಲಕ್ಕ. ಅದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಅಂದೇ ತರಬೇತಿಗೆ ಹೆಸರು ಬರೆಸಿದಳು. ನನ್ನದನ್ನೂ ಬರೆಸಿದಳು.

ಪಾರ್ವತಿನಗರದಲ್ಲಿ ಒಂದು ಬಾಡಿಗೆ ಮನೆಯ ಮಹಡಿಯಲ್ಲಿ ಐದು ದಿನದ ತರಬೇತಿ. ಬೆಂಗಳೂರಿನಿಂದ ಬಂದಿದ್ದ ಮೇಡಂ ಚಿಕ್ಕ ವಯಸ್ಸಿನವರು. ಕೆಟ್ಟವರಲ್ಲ. ಎಲ್ಲರ ಹೆಸರು ಮೊದಲ ದಿನವೇ ನೆನಪಿಟ್ಟುಕೊಂಡರು. ಗೋಡೆಗೆ ಹಾಳೆ ಅಂಟಿಸಿ ಕೇಳಿಸಿಕೊಳ್ಳುವುದು ಹೇಗೆ ಎಂದು ಕಲಿಸಿದರು. ಎದುರಿನವರ ಕಣ್ಣು ನೋಡಬೇಕು, ತಲೆ ಆಡಿಸಬೇಕು, ನಡುವೆ ಬಾಯಿ ಹಾಕಬಾರದು.

"ಕತ್ತು ನೋಯತೈತಿ, ಇಷ್ಟು ತಲಿ ಅಲ್ಲಾಡಿಸಿದ್ರ," ಎಂದಳು ನೀಲಕ್ಕ ನನ್ನ ಕಿವಿಯಲ್ಲಿ.

ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಇತ್ತು: ವ್ಯಕ್ತಿ ಅಳುತ್ತಿರುವಾಗ ನೀವೇನು ಮಾಡುತ್ತೀರಿ? ನಾಲ್ಕು ಉತ್ತರ ಕೊಟ್ಟಿದ್ದರು. ನೀಲಕ್ಕ ಓದಿದ್ದು ನಾಲ್ಕನೇ ತರಗತಿ, ನಾನೇ ಓದಿ ಹೇಳಬೇಕಿತ್ತು. ಅದಕ್ಕೆ ಮೇಡಂ ಒಪ್ಪಿಗೆ ಕೊಟ್ಟಿದ್ದರು. ನಾಲ್ಕನ್ನೂ ಕೇಳಿಸಿಕೊಂಡು, "ಐದನೇದು ಇಲ್ಲೇನು? ಅವರ ಜೋಡಿ ನಾವೂ ಅಳೋದು?" ಎಂದಳು. ಮೇಡಂ ನಕ್ಕರು. ನೀಲಕ್ಕ ಪಾಸಾದಳು.

ಕೊನೆಯ ದಿನ ಅರ್ಜಿ ಕೊಟ್ಟರು. ಮನೆಗೆ ಒಯ್ದು ತುಂಬಿ ತಿಂಗಳ ಕೊನೆಯೊಳಗೆ ತಂದುಕೊಡಿ ಎಂದರು. ಹನ್ನೊಂದನೇ ಪ್ರಶ್ನೆ ಹೀಗಿತ್ತು: "ಪ್ರಸ್ತುತ ತಾವು ಮಾನಸಿಕ ಕಾಯಿಲೆಗೆ ಔಷಧಿ ಸೇವಿಸುತ್ತಿದ್ದೀರಾ? ಹೌದು / ಇಲ್ಲ."

ಮೆಟ್ಟಿಲ ಮೇಲೆ ನಾವು ಐದಾರು ಹೆಂಗಸರು ನಿಂತೆವು. ಯಾರೂ ಮೇಲೆ ಹೋಗಿ ಕೇಳಲಿಲ್ಲ. ಕೇಳುವುದು ಏನಿತ್ತು? ಇಂಥ ಪ್ರಶ್ನೆ ನಮಗೆ ಹೊಸದಲ್ಲ. ಹೆಣ್ಣು ನೋಡಲು ಬಂದವರು ಕೇಳುತ್ತಾರೆ, ಮನೆ ಬಾಡಿಗೆಗೆ ಕೊಡುವವರು ಕೇಳುತ್ತಾರೆ, ಜೀನ್ಸ್ ಮಾಲೀಕ ಕೇಳುತ್ತಾನೆ. ಹೌದು ಎಂದರೆ ಬಾಗಿಲು ಮುಚ್ಚುತ್ತದೆ. ಈ ಕಾಗದವನ್ನೂ ನಾವು ಹಾಗೆಯೇ ಓದಿದೆವು. ಕಾಯಿಲೆಯೇ ನಮ್ಮ ಅರ್ಹತೆ ಎಂದು ಐದು ದಿನ ಹೇಳಿಸಿಕೊಂಡ ಮೇಲೂ ಹಾಗೆಯೇ ಓದಿದೆವು.

"ಇಲ್ಲ ಅಂತ ಬರದುಬಿಡಕ್ಕ. ಯಾರು ಹೊಟ್ಟಿ ಸೀಳಿ ನೋಡ್ತಾರ?" ಎಂದೆ ನಾನು.

ಇದನ್ನು ಹೇಳಿದ್ದು ನಾನು. ಬೇರೆ ಯಾರೂ ಅಲ್ಲ.

ನೀಲಕ್ಕ ಕಾಗದ ಮಡಚಿ ಚೀಲದಲ್ಲಿಟ್ಟಳು. "ಸುಳ್ಳು ಬರದು ತಗೊಂಡ ಕಾರ್ಡ್ ಕೊರಳಾಗ ಹಾಕ್ಕೊಂಡು, ಮಂದಿಗೆ ಮಾತ್ರಿ ಬಿಡಬ್ಯಾಡ್ರಿ ಅಂತ ಹೆಂಗ ಹೇಳ್ಲಿ ಹುಸೇನಿ?"

"ಹಂಗಾರ ಹೌದು ಅಂತ ಬರಿ. ಬೆಂಚು ಬಿಟ್ಟು ಮನ್ಯಾಗ ಕುಂದ್ರು."

"ನೋಡೋಣ ತಗೋ. ತಿಂಗಳು ಐತಲ್ಲ."

ನಾನು ಆ ಸಂಜೆಯೇ "ಇಲ್ಲ" ಎಂದು ಗುರುತು ಹಾಕಿದೆ. ಆಮೇಲೆ ಊಟ ಮಾಡಿ ಮಾತ್ರೆ ನುಂಗಿದೆ.

ಮೂರು ವಾರ ಬಿಟ್ಟು ಅವಳು ಮನೆಗೆ ಬಂದಳು. ಮುಖದಲ್ಲಿ ಕಳೆ ಇತ್ತು, ಮಾತು ಚುರುಕಾಗಿತ್ತು. ಅತ್ತೆ ಅರ್ಧ ಲೋಟ ಚಹಾ ಕೊಟ್ಟರು.

"ತುಂಬ ಹಾಕ್ರಿ ಬೀಬಿ!" ಎಂದು ಲೋಟ ಚಾಚಿದಳು. ಕೈ ನಡುಗಲಿಲ್ಲ.

"ಅಕ್ಕಾ, ಕೈ ನೆಟ್ಟಗಾಗೈತಲ್ಲ!" ಎಂದೆ ನಾನು. ಖುಷಿಯಿಂದಲೇ ಎಂದೆ.

"ಮತ್ತ? ಕಾರ್ಡ್ ಹಿಡಿಯೋ ಕೈ ಅಲ್ಲೇನ ಇದು?"

ಎಲ್ಲರೂ ನಕ್ಕೆವು. ಆ ನಡುಕ ಮಾತ್ರೆಯಿಂದ ಬಂದದ್ದೆಂದು ನನಗೆ ಗೊತ್ತಿತ್ತು. ಅವಳೇ ನನಗೆ ಹೇಳಿದ್ದಳು. ಐದು ದಿನದ ತರಬೇತಿಯಲ್ಲಿ "ಲಕ್ಷಣ ಗುರುತಿಸುವುದು" ಎಂದು ಒಂದು ಇಡೀ ಮಧ್ಯಾಹ್ನ ಕಲಿಸಿದ್ದರು, ನಾನು ಅದರಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ತೆಗೆದಿದ್ದೆ. ಎದುರಿಗೆ ಕೂತ ನೀಲಕ್ಕನ ನೆಟ್ಟಗಿನ ಕೈ ನೋಡಿ ಚಪ್ಪಾಳೆ ತಟ್ಟಿದೆ. ಈಗಲೂ ಮೆಷಿನ್ ತುಳಿಯುವಾಗ ಅದು ನೆನಪಾದರೆ ಸೂಜಿಯ ಕೆಳಗಿನ ಬಟ್ಟೆ ಸೊಟ್ಟ ಹೋಗುತ್ತದೆ.

ತಿಂಗಳ ಕೊನೆಗೆ ಅವಳು ಅರ್ಜಿ ಕೊಟ್ಟಳು. ಅದಾಗಿ ಇಪ್ಪತ್ತು ದಿನಕ್ಕೆ, ಬೆಳಿಗ್ಗೆ ಹತ್ತರ ಸುಮಾರಿಗೆ ನನ್ನ ಗಂಡ ಅಂಗಡಿ ಬಿಟ್ಟು ಮನೆಗೆ ಬಂದರು. ಆ ಹೊತ್ತಿಗೆ ಅವರು ಎಂದೂ ಬಂದವರಲ್ಲ. ಬಚ್ಚಲಲ್ಲಿ ಬಹಳ ಹೊತ್ತು ಕೈ ತೊಳೆದರು. ಹೊರಗೆ ಬಂದು ನನ್ನ ಮುಖ ನೋಡದೆ ಕೇಳಿದರು.

"ಮುಂಜಾನಿ ಮಾತ್ರಿ ತಗೊಂಡಿಯೇನು?"

"ತಗೊಂಡೀನಿ. ಯಾಕ?"

"ಕುಂದ್ರು," ಎಂದರು. "ನೀಲಕ್ಕಾರು ಬೈಪಾಸಿನ್ಯಾಗ..." ಅಷ್ಟು ಹೇಳಿ ಬಾಗಿಲ ಚೌಕಟ್ಟು ಹಿಡಿದುಕೊಂಡರು.

ಕುರುಗೋಡಿನಿಂದ ಮೊದಲ ಬಸ್ಸು ಹತ್ತಿ ಬಂದಿದ್ದಳು. ಆಸ್ಪತ್ರೆಗೆ ಹೋಗಿರಲಿಲ್ಲ. ಬೈಪಾಸಿನ ನಡುವೆ ನಿಂತು ಕೈ ಎತ್ತಿ ಅದಿರಿನ ಲಾರಿಗಳನ್ನು ನಿಲ್ಲಿಸುತ್ತಿದ್ದಳಂತೆ. ಈ ಧೂಳು ಕೂಸುಗಳ ಹೊಟ್ಟೆಗೆ ಹೋಗುತ್ತದೆ, ತಿರುಗಿಸಿಕೊಂಡು ಹೋಗಿ ಎನ್ನುತ್ತಿದ್ದಳಂತೆ. ಮೊದಲ ಎರಡು ಲಾರಿಯವರು ನಿಲ್ಲಿಸಿ ಬೈದು ಬದಿಯಿಂದ ಹೋದರು. ಮೂರನೆಯದಕ್ಕೆ ಮುಂದಿನ ಲಾರಿಯ ಧೂಳಿನಲ್ಲಿ ಅವಳು ಕಾಣಲಿಲ್ಲ.

ನನ್ನ ಕಾಯಿಲೆಯ ಮಾತನ್ನು ಅವಳು ತನ್ನದಾಗಿ ಮಾಡಿಕೊಂಡು ಹೋದಳು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಆಗುವುದಿಲ್ಲ.

ಮಣ್ಣಾದ ಮೂರನೆಯ ದಿನ ಕುರುಗೋಡಿಗೆ ಹೋದೆ. ನೀಲಕ್ಕನ ಅತ್ತಿಗೆ ಶಾಂತಮ್ಮ ಅವಳ ಟ್ರಂಕು ತೆರೆದು ತೋರಿಸಿದರು. ಸೀರೆಗಳ ಕೆಳಗೆ ಮಾತ್ರೆ ಪಟ್ಟಿಗಳಿದ್ದವು, ಒಂದೂ ಒಡೆದಿರಲಿಲ್ಲ.

"ನನ್ನ ಮಗಳ ಮುಂದ ಹೇಳಿದ್ಲಂತವಾ," ಎಂದರು ಶಾಂತಮ್ಮ. "ಈಗ ಮಾತ್ರಿ ಬಿಟ್ಟೀನಿ, ಇಲ್ಲ ಅಂತ ಬರದ್ರ ಇನ್ನ ಸುಳ್ಳಾಗಂಗಿಲ್ಲ, ಅಂದ್ಲಂತ. ಆ ಹುಡುಗಿಗೆ ಏನು ತಿಳಿತೈತಿ? ನಮಗ ಹೇಳ್ಲಿಲ್ಲ."

ಸುಳ್ಳು ಬರೆಯಲಾರದೆ, ಬರೆಯುವ ಮಾತನ್ನು ನಿಜ ಮಾಡಲು ಹೋಗಿದ್ದಳು.

ಕಾರ್ಡು ಕೊಡುವ ದಿನ ಮೇಡಂ ಅವಳಿಗಾಗಿ ಒಂದು ನಿಮಿಷ ಎಲ್ಲರನ್ನೂ ನಿಲ್ಲಿಸಿದರು. ಟೇಬಲ್ಲಿನ ಮೇಲೆ ಅವಳ ಕಾರ್ಡೂ ಇತ್ತು. ಫೋಟೋದಲ್ಲಿ ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ತೆಗೆದುಬಿಟ್ಟಿದ್ದರು. ನಾನು ನನ್ನ ಕಾರ್ಡು ತೆಗೆದುಕೊಂಡೆ. ಆಸ್ಪತ್ರೆಯ ಬೆಂಚಿನ ಮೇಲೆ ಕೂತೆ. ಯಾರಾದರೂ "ನಿಮಗ ಪೂರ್ತಿ ಆರಾಮ ಆಗೇತೇನ್ರಿ, ಮಾತ್ರಿ ಬಿಟ್ಟೀರೇನ್ರಿ?" ಎಂದರೆ, "ಹೂಂ, ಬಿಟ್ಟೀನಿ" ಎನ್ನುತ್ತಿದ್ದೆ. ಅರ್ಜಿಯಲ್ಲಿ ಹಾಗೆ ಇತ್ತಲ್ಲ. ಕಾರ್ಡು ಹೋದೀತೆಂಬ ಹೆದರಿಕೆ. ಅವಳನ್ನು ಕೊಂದ ಮಾತನ್ನೇ ನಾನು ಆರು ತಿಂಗಳು ಆಡಿದೆ.

ಆರು ತಿಂಗಳಿಗೆ ಮರುತರಬೇತಿ ಬಂತು. ಅದೇ ಮಹಡಿ. ಹಳಬರ ಜೊತೆ ಹೊಸಬರ ತಂಡವೂ ಇತ್ತು. ಮೇಡಂ ಹೊಸಬರಿಗೆ ಅರ್ಜಿ ವಿವರಿಸುತ್ತಿದ್ದರು. ಹನ್ನೊಂದನೆಯದಕ್ಕೆ ಬಂದು, "ಇದು ಏನಿಲ್ಲ, ಮಾತ್ರೆ ತಗೊಳ್ಳೋರಿಗೆ ಊಟ ತಡ ಆಗಬಾರದಲ್ವಾ? ತರಬೇತಿ ದಿನ ಅವರಿಗೆ ಮೊದಲು ಬಡಿಸೋಣ ಅಂತ ಕೇಳಿರೋದು. ನಿಮ್ಮಲ್ಲಿ ಬಹಳ ಜನ ತಗೊಳ್ತಿರ್ತೀರಲ್ಲ," ಎಂದು ಮುಂದಿನ ಪ್ರಶ್ನೆಗೆ ಹೋದರು.

ಊಟಕ್ಕೆ. ಮೊದಲು ಬಡಿಸಲು.

ನಾನು ಎದ್ದು ನಿಂತೆ. ಗುಂಪಿನಲ್ಲಿ ದನಿ ಎತ್ತಿ ಮಾತಾಡಿದವಳಲ್ಲ ನಾನು, ಮನೆಯಲ್ಲೂ ಅಲ್ಲ.

"ಮೇಡಂ, ಹೋದ ಸಲ ಇದನ್ನ ಯಾಕ ಹೇಳ್ಲಿಲ್ಲ?"

"ಹೋದ ಸಲ ಸಮಯ ಇರಲಿಲ್ಲ ಅನ್ಸುತ್ತೆ. ಯಾಕೆ ಹುಸೇನಬಿ?"

"ನೀಲಕ್ಕ ಇದಕ್ಕ ಇಲ್ಲ ಅಂತ ಬರಿಯಾಕ ಮಾತ್ರಿ ಬಿಟ್ಲು."

ಮೇಡಂ ಮುಖ ಬಿಳಿಚಿತು. "ಅಯ್ಯೋ," ಎಂದರು. ಆಮೇಲೆ ಆ ಮಾತು ಆಡಿದರು. "ನೀವು ಯಾರಾದ್ರೂ ಒಬ್ಬರು ಬಂದು ಕೇಳಬಹುದಿತ್ತಲ್ವಾ?"

"ಕೇಳಾಕ ಬರತಿದ್ರ ಇಷ್ಟು ವರ್ಷ ಮಾರಿ ಮುಚ್ಚಿಕೊಂಡು ಆ ಬೆಂಚಿನ ಮ್ಯಾಲೆ ಯಾಕ್ರಿ ಕುಂದ್ರತಿದ್ವಿ? ಐದು ದಿನ ಕೇಳಿಸಿಕೊಳ್ಳೋದು ಹೆಂಗಂತ ನಮಗ ಕಲಿಸಿದ್ರಿ. ಹಿಂಗ ಕೇಳಿದ್ರ ನಮ್ಮಂಥೋರು ಹೆಂಗ ಹೆದರ್ತಾರ ಅಂತ ನೀವು ಯಾರ ಹತ್ರ ಕಲಿತ್ರಿ? ಒಂದು ಸಾಲು ಮೇಡಂ. ಕೆಳಗ ಒಂದು ಸಾಲು ಬರದಿದ್ರ ಆಗತಿತ್ತು."

ಅವರು ಅತ್ತರು. ನಾನು ಅವರ ಕಣ್ಣು ನೋಡಲಿಲ್ಲ, ತಲೆ ಆಡಿಸಲಿಲ್ಲ. ಸಮಾಧಾನ ಮಾಡುವ ಕೆಲಸ ಆ ಹೊತ್ತು ನನ್ನದಲ್ಲ ಎನಿಸಿತು. ಈಗಲೂ ಹಾಗೆಯೇ ಅನಿಸುತ್ತದೆ.

ಮರುದಿನ ನನ್ನ ಹಳೆಯ ಅರ್ಜಿ ತೆಗೆಸಿ "ಇಲ್ಲ" ಎಂಬುದನ್ನು ಹೊಡೆದು "ಹೌದು" ಎಂದು ಬರೆದು ಸಹಿ ಹಾಕಿದೆ. ಕಚೇರಿಯ ಹುಡುಗಿ, "ಕಂಪ್ಯೂಟರಿನ್ಯಾಗ ಬದಲಾಗಂಗಿಲ್ಲರಿ, ಮುಂದಿನ ಸಲ ನೋಡೋಣು," ಎಂದಳು. ಪ್ರಶ್ನೆಯ ಕೆಳಗೆ "ಹೌದು ಎಂದರೆ ಕಾರ್ಡು ತಪ್ಪುವುದಿಲ್ಲ" ಎಂದು ಅಚ್ಚು ಹಾಕಿಸಿ ಎಂದು ಕೇಳಿದೆ. ಬೆಂಗಳೂರಿನ ಒಪ್ಪಿಗೆ ಬರಬೇಕಂತೆ. ಇದನ್ನು ಬರೆಯುವವರೆಗೆ ಬಂದಿಲ್ಲ. ಹೊಸ ತಂಡ ಬಂದಾಗಲೆಲ್ಲ ನಾನು ಮೆಷಿನ್ ಬಿಟ್ಟು ಪಾರ್ವತಿನಗರಕ್ಕೆ ಹೋಗಿ, ಆ ಮೆಟ್ಟಿಲ ಮೇಲೆ ನಿಂತು, ಇಳಿದು ಬರುವ ಒಬ್ಬೊಬ್ಬರಿಗೂ ಬಾಯಿಂದ ಹೇಳುತ್ತೇನೆ.

ಹೋದ ತಿಂಗಳು ಸಂಸ್ಥೆಯವರು ನನ್ನನ್ನು ಹಚ್ಚೊಳ್ಳಿಗೆ ಕಳಿಸಿದ್ದರು. ಕಾಲುವೆ ದಂಡೆಯ ಮನೆ. ಮದುವೆಯಾಗಿ ವರ್ಷಕ್ಕೇ ತವರಿಗೆ ತಿರುಗಿ ಬಂದ ಮಗಳು, ಹೆಸರು ಬೇಡ, ಮೂಲೆಯಲ್ಲಿ ಗೋಡೆಯ ಕಡೆ ತಿರುಗಿ ಕೂತಿದ್ದಳು. ತಾಯಿ ಬಾಗಿಲು ಅರ್ಧ ಮುಚ್ಚಿ, ನನ್ನ ಕಾರ್ಡನ್ನು ಎರಡು ಸಲ ಓದಿಸಿಕೊಂಡರು.

"ನಿಮಗೂ ಇದ ಜಡ್ಡು ಇತ್ತಂತಲ್ರಿ?"

"ಈಗಲೂ ಐತ್ರಿ. ದಿನಾ ಮಾತ್ರಿ ತಗೋತೀನಿ."

ತಾಯಿಯ ಮುಖ ಸಣ್ಣದಾಯಿತು. ಗುಣವಾದವಳನ್ನು ಕಳಿಸುತ್ತಾರೆಂದು ಕಾದಿದ್ದರು ಪಾಪ. ನಾನು ಹೊಸ್ತಿಲಲ್ಲೇ ನಿಂತು ಒಂದು ಲೋಟ ನೀರು ಕೇಳಿದೆ. ಅವರ ಎದುರಿಗೇ ಚೀಲದಿಂದ ಪಟ್ಟಿ ತೆಗೆದು, ಮಧ್ಯಾಹ್ನದ ಮಾತ್ರೆ ಒಡೆದು ನುಂಗಿದೆ.

ಮೂಲೆಯಲ್ಲಿದ್ದವಳು ಈ ಕಡೆ ತಿರುಗಿದಳು. ಪಟ್ಟಿಯನ್ನು ನೋಡಿದಳು, ಕೊರಳನ್ನು ನೋಡಿದಳು. ಆ ಮನೆಯಲ್ಲಿ ಅವಳು ಮಾತಾಡಿ ಎಷ್ಟು ದಿನವಾಗಿತ್ತೋ.

"ಮಾತ್ರಿ ತಗೋಳಾರಿಗೆ ಕಾರ್ಡ್ ಹೆಂಗ ಕೊಟ್ರು?" ಎಂದು ಕೇಳಿದಳು.

ಸಿರುಗುಪ್ಪದ ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು. ಚಪ್ಪಲಿ ಹೊರಗೆ ಬಿಟ್ಟು ಬಂದು ಅವಳ ಪಕ್ಕ ನೆಲದ ಮೇಲೆ ಕೂತೆ. "ಕುರುಗೋಡಿನ್ಯಾಗ ನೀಲಕ್ಕ ಅಂತ ಒಬ್ಬಾಕಿ ಇದ್ಲು," ಎಂದು ಶುರು ಮಾಡಿದೆ.